ನಲವತ್ತಾರನೆಯ ಕೀ

ಕಿವಿಯಣ್ಣ ಎಂಬ ಹೆಸರನ್ನು ಮೊದಲು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಪಿಯಾನೋ ಇರುವ ಹತ್ತಿಪ್ಪತ್ತು ಮನೆ, ಮೂರು ಶಾಲೆ, ಒಂದು ದೊಡ್ಡ ಹೋಟೆಲು, ಎಲ್ಲ ಕಡೆಯೂ ಅವನು ಆ ಹೆಸರಲ್ಲೇ ಓಡಾಡುತ್ತಿದ್ದ. ಯಾರಾದರೂ ಮಾತಾಡಿಸಿದರೆ ಮುಖ ತಿರುಗಿಸುವ ಬದಲು ಬಲಗಿವಿ ತಿರುಗಿಸುವುದು ಅವನ ಅಭ್ಯಾಸ. ತಂತಿಗಳ ಶ್ರುತಿ ಸರಿಮಾಡುವುದು, ಒಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆ ಮುರಿದರೆ ಅಂಟಿಸುವುದು, ಹುಳು ತಿಂದ ಉಣ್ಣೆಪಟ್ಟಿ ಬದಲಿಸುವುದು ಅವನ ಕಸುಬು. ಅಡುಗೆಮನೆಯಲ್ಲಿ ಲೋಟ ಬಿದ್ದರೆ ಕೂತಲ್ಲೇ ಅದರ ಸ್ವರ ಹೇಳುತ್ತಿದ್ದ. "ಇವ್ರಿಗೆ ಲೋಟ ಹೇಳಿದ್ದು ಕೇಳುತ್ತೆ, ನಾನು ಹೇಳಿದ್ದು ಕೇಳಲ್ಲ" ಎಂದು ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಅಪ್ಪ ವಾದ್ಯದಂಗಡಿಯ ಬಡಗಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ರಿಪೇರಿಗೆ ಬಂದ ಪಿಯಾನೋ ಯಾವಾಗಲೂ ಒಂದಾದರೂ ಇರುತ್ತಿತ್ತು. ಕಿವಿಯಣ್ಣ ಅದರ ಹೊಟ್ಟೆಯೊಳಗೆ ಕೈ ಹಾಕಿ ಕಸುಬು ಕಲಿತ. ಅವನಿಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ ಅದರ ಮುಂದೆ ಕೂತು ನುಡಿಸುವುದನ್ನು ಕಲಿತಳು. ಪಿಯಾನೋ ಸರಿಹೋದ ದಿನವೇ ಅದನ್ನು ಹೊತ್ತೊಯ್ಯಲು ಗಾಡಿ ಬರುತ್ತಿತ್ತು. ಹಾಗಾಗಿ ಅವಳು ಕಲಿತದ್ದೆಲ್ಲ ಕೆಟ್ಟ ಪಿಯಾನೋಗಳ ಮೇಲೆ. ಇಲ್ಲಿ ಎರಡು ಕೀ ಮೂಕ, ಅಲ್ಲಿ ಒಂದು ಒತ್ತಿದರೆ ಮೇಲೇಳದು. ಸತ್ತ ಕೀಯನ್ನು ಸುತ್ತಿಕೊಂಡು ಹೋಗಿ ಹಾಡನ್ನು ಬೀಳದಂತೆ ದಡ ಮುಟ್ಟಿಸುವುದು ಅವಳ ಬೆರಳುಗಳಿಗೆ ಚಿಕ್ಕಂದಿನಲ್ಲೇ ಬಂದಿತ್ತು. ಕೇಳುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಅವಳಿಗೆ ಆ ಹೋಟೆಲಿನ ಲಾಬಿಯಲ್ಲಿ ಕೆಲಸ ಸಿಕ್ಕಿತು. ಸಂಜೆ ಐದರಿಂದ ಒಂಬತ್ತು. ಹದಿನಾಲ್ಕು ವರ್ಷ ನುಡಿಸಿದಳು. ಮದುವೆಯಾಗಲಿಲ್ಲ, ಕೇಳಿದವರಿಗೆ ಸಂಜೆ ಬಿಡುವಿಲ್ಲ ಎನ್ನುತ್ತಿದ್ದಳು. ತಿಂಗಳಿಗೊಮ್ಮೆ ಕಿವಿಯಣ್ಣ ಹೋಗಿ ಶ್ರುತಿ ಮಾಡಿ, ಅವಳ ಮೊದಲ ಹಾಡು ಮುಗಿಯುವವರೆಗೆ ಕಂಬದ ಪಕ್ಕ ನಿಂತಿದ್ದು ಬರುತ್ತಿದ್ದ.

ಆಮೇಲೆ ಹೋಟೆಲಿನವರು ತಾನೇ ನುಡಿಸಿಕೊಳ್ಳುವ ಪಿಯಾನೋ ತರಿಸಿದರು. ನೋಡಲು ಮಾಮೂಲಿ ಪಿಯಾನೋವೇ. ಆದರೆ ಹೊಟ್ಟೆಯ ಕೆಳಗೆ ಒಂದು ಕಂಪ್ಯೂಟರ್ ಪೆಟ್ಟಿಗೆ. ಯಾರಾದರೂ ನುಡಿಸುವಾಗ ಯಾವ ಕೀ ಎಷ್ಟು ಬಲವಾಗಿ ಕೆಳಗಿಳಿಯಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಗುಂಡಿ ಒತ್ತಿದರೆ ಕೀಗಳು ತಾವೇ ಇಳಿದು ಎದ್ದು ಅದನ್ನೇ ಮತ್ತೆ ನುಡಿಸುತ್ತವೆ. ಅದರ ರಿಪೇರಿ ಕಲಿಯಲು ಐದು ದಿನದ ತರಬೇತಿಗೆ ಕಿವಿಯಣ್ಣನನ್ನೇ ಕಳಿಸಿದರು. ವಾಪಸು ಬಂದವನು ವಾರವಿಡೀ ಮನೆಯಲ್ಲಿ ಅದನ್ನೇ ಹೊಗಳಿದ. ಮೊದಲು ಅದಕ್ಕೆ ತಂಗಿಯ ಹಾಡುಗಳನ್ನೇ ತುಂಬಿಸಬೇಕೆಂದು ಹೋಟೆಲಿನವರು ಕೇಳಿದಾಗ ಅವಳು ಹಿಂದೆಮುಂದೆ ನೋಡಿದಳು. ಒಪ್ಪಿಸಿದವನು ಅವನೇ.

"ನಿನ್ನ ಕೈಯೇ ಅದರೊಳಗಿರುತ್ತಲ್ಲೇ ಪುಟ್ಟಿ. ನಿನ್ನನ್ನ ಯಾರು ಬಿಡ್ತಾರೆ?"

ಆರು ವಾರ, ದಿನಾ ಬೆಳಿಗ್ಗೆ ಅವಳು ನುಡಿಸಿದಳು, ಅವನು ಪಕ್ಕದಲ್ಲಿ ತಂತಿ ಜೋಡಿಸಿಕೊಂಡು ಕೂತ. ಮೊದಲ ದಿನವೇ ಒಂದು ಕೀಯ ಸುತ್ತಿಗೆ ಮುರಿಯಿತು. ಎಡದಿಂದ ಎಣಿಸಿದರೆ ನಲವತ್ತಾರನೆಯದು, ಕಪ್ಪು, ನಟ್ಟನಡುವೆ. ವಾರಂಟಿ ಇರುವಾಗ ಬೇರೆ ಸುತ್ತಿಗೆ ಹಾಕುವಂತಿರಲಿಲ್ಲ, ಕಂಪನಿಯಿಂದಲೇ ಬರಬೇಕು. ಅದು ಬಂದದ್ದು ಏಳನೆಯ ವಾರ. ಅಲ್ಲಿಯವರೆಗೆ ಆ ಕೀ ಒತ್ತಿದರೆ ಇಳಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಸುತ್ತಿಕೊಂಡು ಹೋಗು, ನಿನಗೇನು ಹೊಸದಾ ಎಂದ ಅಣ್ಣ. ಅವಳು ಸುತ್ತಿಕೊಂಡೇ ಹೋದಳು, ಇನ್ನೂರಕ್ಕೂ ಹೆಚ್ಚು ಹಾಡು.

ಆರನೆಯ ವಾರದ ಕೊನೆಯ ದಿನ ಅವಳನ್ನು ಆಫೀಸಿಗೆ ಕರೆದು, ಒಳ್ಳೆಯ ಮಾತಾಡಿ, ಮುಂದಿನ ತಿಂಗಳಿಂದ ಬರುವುದು ಬೇಡ ಎಂದರು.

ಅವಳು ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ಬಟ್ಟೆ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿಕೊಂಡಳು. ಮತ್ತೆ ಪಿಯಾನೋ ಮುಟ್ಟಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ, ಊಟಕ್ಕೆ ಕರೆದಾಗ ಬಂದವಳು, "ನಿನ್ನ ಮೆಷೀನು ಚೆನ್ನಾಗಿದ್ಯಾ ಅಣ್ಣ? ಅದೇ ವಾಸಿ ಬಿಡು, ಹಸಿವಾಗಲ್ಲ" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಹನ್ನೊಂದು ವರ್ಷ ಹೀಗೇ ಕಳೆಯಿತು.

ಐದು ತಿಂಗಳ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಮುದುಡಿ ಮುಷ್ಟಿಯಾಯಿತು. ಮಾತು ಒಂದೊಂದೇ ಪದವಾಗಿ, ಬಹಳ ದೂರದಿಂದ ಬರತೊಡಗಿತು. ಅಣ್ಣ ಮನೆಗೆ ಕರೆತಂದು ಕಿಟಕಿಯ ಪಕ್ಕ ಮಂಚ ಹಾಕಿದ. ಅತ್ತಿಗೆ ದಿನಾ ಆ ಮುಷ್ಟಿಯ ಬೆರಳುಗಳನ್ನು ಬಿಡಿಸಿ ಎಣ್ಣೆ ತಿಕ್ಕುತ್ತಿದ್ದಳು. ಕೈಬಿಟ್ಟ ಕೂಡಲೇ ಅವು ಮತ್ತೆ ಮುದುಡುತ್ತಿದ್ದವು. ಅಷ್ಟು ಹೊತ್ತೂ ಕಿವಿಯಣ್ಣ ಹೊರಗಿನ ಕೋಣೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ.

ಹೋಟೆಲಿನ ಪಿಯಾನೋ ಹಾಡಿನ ನಡುವೆ ನಿಂತುಬಿಡುತ್ತದೆ ಎಂದು ಕರೆ ಬಂದದ್ದು ಆಗಲೇ. ಹೋಗಿ ನೆಲದ ಮೇಲೆ ಅಂಗಾತ ಮಲಗಿ ಪೆಟ್ಟಿಗೆಗೆ ಕಿವಿ ಹಚ್ಚಿದ. ಒಳಗೆ ತಿರುಗುವ ಹಾರ್ಡ್ ಡಿಸ್ಕಿನ ಗುಂಯ್ ಸದ್ದು ಅರ್ಧ ಸ್ವರ ಇಳಿದಿತ್ತು. ನಡುನಡುವೆ ಟಕ್ ಟಕ್ ಎಂದು ತಡವರಿಸುತ್ತಿತ್ತು. ಇನ್ನು ಹೆಚ್ಚು ದಿನ ಇಲ್ಲ. ತಿರುಗುವ ತಟ್ಟೆಯಿಲ್ಲದ ಹೊಸ ಡಿಸ್ಕ್ ತರಿಸಿ ಹಾಕಬೇಕು ಎಂದು ಹೇಳಿ ಬಂದ. ದಾರಿಯಲ್ಲಿ ಅವನಿಗೆ ಹೊಳೆದದ್ದು ಬೇರೆ. ತಂಗಿಯ ಎರಡೂ ಕೈಗಳು ಈಗ ಇರುವುದು ಅಲ್ಲಿ ಮಾತ್ರ. ಅವನ್ನು ಹೊರತೆಗೆದು, ಮನೆಯಲ್ಲಿರುವ ಹಳೆಯ ಎಲೆಕ್ಟ್ರಿಕ್ ಕೀಬೋರ್ಡಿನಲ್ಲಿ ಅವಳಿಗೆ ಕೇಳಿಸಬೇಕು. ಅಷ್ಟಾದರೂ ಮಾಡಿದರೆ ಕಿಟಕಿ ಪಕ್ಕದ ಮಂಚದ ಕಡೆ ತಾನು ನೆಟ್ಟಗೆ ನೋಡಬಹುದು ಎಂದುಕೊಂಡ.

ಹೊಸ ಡಿಸ್ಕ್ ಬಂದ ದಿನ ಬೆಳಿಗ್ಗೆ ಎಂಟಕ್ಕೇ ಹೋದ. ಬಾಗಿಲು ಕಾಯುವವನು ಅವನ ಚೀಲ ನೋಡಿ, "ಏನ್ ಕಿವಿಯಣ್ಣ, ನಿಮ್ಮ ದೆವ್ವಕ್ಕೆ ಎದೆ ಆಪರೇಷನ್ನಾ?" ಎಂದ. ತಾನೇ ನುಡಿಯುವ ಪಿಯಾನೋವನ್ನು ಅವನು ಕರೆಯುತ್ತಿದ್ದುದೇ ದೆವ್ವ ಎಂದು. ಇಡೀ ಹೋಟೆಲಿನಲ್ಲಿ ರಜೆ ಕೇಳದ ಕೆಲಸಗಾರ್ತಿ ಇವಳೊಬ್ಬಳೇ ಎಂಬುದು ಅವನ ಹಳೆಯ ನಗೆಮಾತು.

ಮ್ಯಾನೇಜರ್ ಹುಡುಗಿ ಹೊಸಬಳು. ನಾಲ್ಕು ಗಂಟೆಗೆ ಅತಿಥಿಗಳು ಬರುವ ಮೊದಲು ಮುಗಿಯಬೇಕು, ಹೊಸ ಡಿಸ್ಕಿಗೆ ಕಂಪನಿಯ ಹತ್ತು ಸಾವಿರ ಹಾಡು ಹಾಕಿಸಿದ್ದೇವೆ, ಹಳೆಯದನ್ನು ನಕಲು ಮಾಡುತ್ತ ಕೂರಬೇಡಿ ಎಂದಳು.

"ಹಳೇದು ನಿಮಗೆ ಬೇಡ ಮೇಡಂ. ನನಗೆ ಬೇಕು. ನನ್ನ ತಂಗಿ ನುಡಿಸಿದ್ದಿದೆ."

ಅವಳು ಪಿಯಾನೋ ನೋಡಿದಳು, ಅವನನ್ನು ನೋಡಿದಳು. "ಇಲ್ಲಿ ಜನ ನುಡಿಸ್ತಿದ್ರಾ?" ಎಂದಳು. ಕುಹಕವಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ನಾಲ್ಕರೊಳಗೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಹೋದಳು.

ಹಳೆಯ ಡಿಸ್ಕನ್ನು ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ತಂತಿ ಕೊಟ್ಟ. ಮೂರು ಸಾವಿರಕ್ಕೂ ಮಿಕ್ಕಿದ ದಾಖಲೆಗಳು. ಹನ್ನೊಂದು ವರ್ಷದಲ್ಲಿ ಯಾವ್ಯಾವುದೋ ಅತಿಥಿ, ಅವರ ಮಕ್ಕಳು, ಸುಮ್ಮನೆ ಗುಂಡಿ ಒತ್ತಿದವರು, ಎಲ್ಲರದೂ ಅದರಲ್ಲಿತ್ತು. ಹೆಸರಿಲ್ಲ, ಬರೀ ಸಂಖ್ಯೆ. ಯಾರೋ ಬೆಳಗಿನದು, ಸಂಜೆಯದು, ಮದುವೆಯದು ಎಂದು ವಿಂಗಡಿಸಲು ಹೋಗಿ ಆ ಸಂಖ್ಯೆಗಳನ್ನೂ ಕಲಸಿಬಿಟ್ಟಿದ್ದರು. ಒಳಗಿನ ಗಡಿಯಾರದ ಬ್ಯಾಟರಿ ಎಂದೋ ಸತ್ತು, ಎಲ್ಲದರ ಮೇಲೂ ಒಂದೇ ತಾರೀಕು. ಯಾವುದು ತಂಗಿಯದು ಎಂದು ಹುಡುಕುವುದು ಆಮೇಲೆ, ಮೊದಲು ಸಿಕ್ಕಷ್ಟು ಬಾಚಿಕೊಳ್ಳಬೇಕು. ನಕಲು ಶುರುಮಾಡಿ ಡಿಸ್ಕಿನ ಮೇಲೆ ಅಂಗೈ ಇಟ್ಟುಕೊಂಡು ಕೂತ. ಅದು ಬಿಸಿಯಾದಾಗ ನಿಲ್ಲಿಸಿ, ಒದ್ದೆ ಬಟ್ಟೆ ಹಿಂಡಿ ಪಕ್ಕದಲ್ಲಿಟ್ಟು, ತಣ್ಣಗಾದ ಮೇಲೆ ಮತ್ತೆ ಹಚ್ಚಿದ. ಹನ್ನೆರಡರ ಹೊತ್ತಿಗೆ ಸ್ವರ ಇನ್ನೂ ಇಳಿಯಿತು. ಎರಡೂವರೆಗೆ ಎರಡು ಸಲ ಕೆರೆದ ಸದ್ದು ಮಾಡಿ ಡಿಸ್ಕು ನಿಂತಿತು. ಮತ್ತೆ ತಿರುಗಲಿಲ್ಲ. ಕೈಗೆ ಬಂದದ್ದು ಸಾವಿರದ ಒಂಬೈನೂರು ಚಿಲ್ಲರೆ.

ಹೊಸ ಡಿಸ್ಕನ್ನು ಕೂರಿಸಿ, ಸ್ಕ್ರೂ ಬಿಗಿದು, ಕಂಪನಿಯ ಹಾಡುಗಳು ಸರಿಯಾಗಿ ಬರುತ್ತವೆಂದು ನೋಡಿಕೊಂಡ. ಮೂರು ಗಂಟೆ. ಕಂಬದ ಬುಡದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದ. ಹುಡುಕುವ ದಾರಿ ಅವನಿಗೆ ಬೆಳಿಗ್ಗೆಯೇ ಹೊಳೆದಿತ್ತು. ನಲವತ್ತಾರನೆಯ ಕೀಯನ್ನು ಒಮ್ಮೆಯೂ ಮುಟ್ಟದೆ ಎರಡು ನಿಮಿಷಕ್ಕಿಂತ ಹೆಚ್ಚು ನುಡಿಸಿದವರು ಬೇರೆ ಯಾರಿರುತ್ತಾರೆ? ಪ್ರತಿ ದಾಖಲೆಯಲ್ಲೂ ಆ ಕೀ ಎಷ್ಟು ಸಲ ಇಳಿದಿದೆ ಎಂದು ಎಣಿಸಿ ಸಾಲಾಗಿ ಜೋಡಿಸಲು ಹೇಳಿದ. ಸೊನ್ನೆ ಬಂದ ಉದ್ದದ ಹಾಡುಗಳು ಅರವತ್ತೊಂದು. ಒಂದನ್ನು ತೆರೆದು ಲ್ಯಾಪ್‌ಟಾಪಿನ ತಗಡು ಸದ್ದಿನಲ್ಲಿ ಕೇಳಿದ. ಎಡಗೈ ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಅವಳೇ. ಇನ್ನೂರರಲ್ಲಿ ಅರವತ್ತೊಂದು, ಅಷ್ಟಾದರೂ ಉಳಿಯಿತಲ್ಲ ಎಂದು ಕಣ್ಣು ಒರೆಸಿಕೊಂಡ.

ಮುಚ್ಚುವ ಮೊದಲು ಪಟ್ಟಿಯ ಕೊನೆಯವರೆಗೆ ಸುಮ್ಮನೆ ಸರಿಸಿದ. ತೀರಾ ತುದಿಯಲ್ಲಿ ಒಂದು ದಾಖಲೆ. ನಲವತ್ತಾರನೆಯ ಕೀ ಮುನ್ನೂರ ಹದಿನೆಂಟು ಸಲ. ಉಳಿದ ಎಂಬತ್ತೇಳು ಕೀ ಒಮ್ಮೆಯೂ ಇಲ್ಲ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.

ಯಾರದೋ ಮಗುವಿನ ಆಟ, ಇಲ್ಲವೇ ಯಂತ್ರದ ದೋಷ ಎಂದುಕೊಂಡ. ಆದರೆ ಪಕ್ಕದಲ್ಲಿದ್ದ, ಒತ್ತಿದ ಬಲ ತೋರಿಸುವ ಅಂಕಿಗಳು ಒಂದೇ ಸಮ ಇರಲಿಲ್ಲ. ಮೆಲ್ಲಗೆ ಶುರುವಾಗಿ, ಏರಿ, ಪೂರಾ ಬಲಕ್ಕೆ ಹೋಗಿ, ಅಲ್ಲೇ ಬಹಳ ಹೊತ್ತು ನಿಂತಿದ್ದವು. ನಾಲ್ಕಾಗಲು ಇನ್ನೂ ಹೊತ್ತಿತ್ತು. ಅದನ್ನೇ ಹಾಕಿ ಗುಂಡಿ ಒತ್ತಿದ.

ಖಾಲಿ ಸ್ಟೂಲಿನ ಮುಂದೆ ಒಂದು ಕಪ್ಪು ಕೀ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಒಂದೇ ಸ್ವರ. ಮೊದಲು ಬಾಗಿಲು ತಟ್ಟುವಷ್ಟು, ಆಮೇಲೆ ಬಾಗಿಲು ಗುದ್ದುವಷ್ಟು. ಬಾಗಿಲು ಕಾಯುವವನು ಇಣುಕಿ, ದೆವ್ವಕ್ಕೆ ನಿಜವಾಗಿಯೂ ದೆವ್ವ ಹಿಡಿಯಿತೇ ಎಂದು ಕೇಳಿದ. ಕಿವಿಯಣ್ಣ ಅವನ ಕಡೆ ಕಿವಿಯನ್ನೂ ತಿರುಗಿಸಲಿಲ್ಲ.

ಅವನಿಗೆ ಆ ಕೊನೆಯ ದಿನ ನೆನಪಾಗಿತ್ತು. ಆಫೀಸಿನಿಂದ ಬಂದ ತಂಗಿ ಪಿಯಾನೋ ಮುಂದೆ ಕೂತಿದ್ದಳು. ಸೋಫಾಗಳಲ್ಲಿ ಅತಿಥಿಗಳು ಪತ್ರಿಕೆ ಓದುತ್ತಿದ್ದರು. ಅವಳ ಬಲಗೈಯ ನಡುಬೆರಳು ಒಂದೇ ಕಡೆ ಇಳಿದು ಏಳುತ್ತಿತ್ತು. ದಾಖಲೆಯ ಕೆಂಪು ದೀಪ ಉರಿಯುತ್ತಿತ್ತು. ಸುತ್ತಿಗೆಯಿಲ್ಲದ ಕೀ, ಸದ್ದೇನೂ ಇರಲಿಲ್ಲ, ಹಾಗಾಗಿ ಬೆರಳಿನ ದಣಿವು ಬಿಡಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ. ಅವನು ಎರಡು ಮಾರು ದೂರದಲ್ಲಿ ತಂತಿ ಸುತ್ತುತ್ತಿದ್ದ. ಹೊರಡೋಣವೇ ಎಂದು ಕೇಳಿದ್ದಕ್ಕೆ ಎರಡು ನಿಮಿಷ ಅಣ್ಣ ಎಂದಿದ್ದಳು. ಅವಳಿಗೆ ಕೆಲಸ ಹೋದದ್ದು ಅವನಿಗೆ ಗೊತ್ತಾದದ್ದು ಬಸ್ಸಿನಲ್ಲಿ. ಮುಂದಿನ ವಾರ ಸುತ್ತಿಗೆ ಬಂತು. ತಾನೇ ಅಂಟಿಸಿದ.

ನಾಲ್ಕಕ್ಕೆ ಅತಿಥಿಗಳು ಬಂದರು. ಪಿಯಾನೋ ಹತ್ತು ಸಾವಿರದಲ್ಲಿ ಒಂದನ್ನು ನುಡಿಸತೊಡಗಿತು, ಒಂದು ಸ್ವರವೂ ತಪ್ಪದೆ. ತಂಗಿಯದು ಏನನ್ನೂ ಅವನು ಅದರೊಳಗೆ ಬಿಟ್ಟಿರಲಿಲ್ಲ.

ಮನೆಯಲ್ಲಿ ಕೀಬೋರ್ಡನ್ನು ಮಂಚದ ಪಕ್ಕದ ಮೇಜಿಗೆ ಏರಿಸಿ ಲ್ಯಾಪ್‌ಟಾಪಿಗೆ ಜೋಡಿಸಿದ. ಹೆಂಡತಿ ಎಣ್ಣೆ ಬಟ್ಟಲು ಬದಿಗಿಟ್ಟು ನಿಂತಳು. ಮೊದಲ ಹಾಡಿಗೆ ತಂಗಿ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ತೆರೆದಳು. ಮೂರನೆಯದು ಅರ್ಧವಾಗುವ ಮೊದಲೇ ಕಿಟಕಿಯ ಕಡೆ ತಿರುಗಿದಳು. ದಾರಿಯುದ್ದಕ್ಕೂ ಅವನು ಊಹಿಸಿಕೊಂಡು ಬಂದ ಮುಖ ಇದಾಗಿರಲಿಲ್ಲ. ಸಾಕೇ ಎಂದು ಕೇಳಿದ.

"ಇನ್ನೊಂದಿದೆ ಪುಟ್ಟಿ" ಎಂದ. "ಬರೀ ಒಂದೇ ಕೀ."

ಅವಳ ತಲೆ ಮೆಲ್ಲಗೆ ಇತ್ತ ತಿರುಗಿತು. ಅವನು ಹಾಕಿದ. ಮೊದಲ ಹತ್ತಿಪ್ಪತ್ತು ಪೆಟ್ಟು ಕೇಳಿದ ಮೇಲೆ ಅವಳ ಎಡಗೈಯ ನಡುಬೆರಳು ಹೊದಿಕೆಯ ಮೇಲೆ ಅದೇ ಲೆಕ್ಕಕ್ಕೆ ಏಳತೊಡಗಿತು, ಸ್ವಲ್ಪವೂ ತಪ್ಪದೆ.

"ಅವತ್ತು ನಂಗೆ ಕೇಳಿಸ್ಲಿಲ್ಲ ಕಣೇ."

ಅವಳು ಬಾಯಿಯೊಳಗೆ ಪದ ಹುಡುಕಿದಳು. ಒಂದು ಸಿಕ್ಕಿತು. ಇನ್ನೊಂದಕ್ಕೆ ಬಹಳ ಹೊತ್ತು ಹಿಡಿಯಿತು.

"ಕೇಳಿಸ್ಬಾರ್ದು... ಅಂತಾನೇ."

ಹೆಂಡತಿ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸದ್ದು ಏರಿ ಗುದ್ದತೊಡಗಿದಾಗ ಅವನು ನಿಲ್ಲಿಸಲು ಕೈ ಚಾಚಿದ. ತಂಗಿ ಎಡಗೈಯಿಂದ ಅವನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಇನ್ನೂ ಬಲವಿತ್ತು. ಅವನು ಮಂಚದ ಅಂಚಿನಲ್ಲಿ ಕೂತ. ಅವತ್ತಿನಂತೆ ಸುತ್ತುತ್ತ ಕೂರಲು ತಂತಿಯೂ ಇರಲಿಲ್ಲ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಮುಗಿಯುವವರೆಗೆ ಅವಳು ಅವನ ಕೈ ಬಿಡಲಿಲ್ಲ.