ಚಾದರದ ಇನ್ನೊಂದು ತುದಿ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಮೇಲ್ಸೇತುವೆ ಇಳಿಯುವ ತಿರುವಿನಲ್ಲಿ ಒಂದು ಸ್ಕೂಟರು ಮಗುಚಿ ಬಿದ್ದಿದೆ. ಬ್ರೆಡ್ಡಿನ ಪೊಟ್ಟಣಗಳು ರಸ್ತೆ ತುಂಬ ಚೆಲ್ಲಾಡಿವೆ. ಸುತ್ತ ಜನವೋ ಜನ. ಆಂಬುಲೆನ್ಸು ಸರಿಯಾಗಿ ನಿಲ್ಲುವ ಮೊದಲೇ ಹಿಂಬಾಗಿಲು ತೆರೆದು ಹೆಂಗಸೊಬ್ಬರು ಇಳಿಯುತ್ತಾರೆ. ಹೆಗಲಿಗೆ ಔಷಧಿ ಚೀಲ, ಕಂಕುಳಲ್ಲಿ ಮಡಿಸಿದ ಕಂದು ಚಾದರ. ಬಿದ್ದವನ ಮೂಗಿನ ಬಳಿ ಕೈಯಿಟ್ಟು, ಕತ್ತಿನ ನಾಡಿ ಮುಟ್ಟಿ ನೋಡಿ, ತಲೆಯೆತ್ತುತ್ತಾರೆ. ಯಾರ ಫೋನು ಎಲ್ಲರಿಗಿಂತ ಎತ್ತರದಲ್ಲಿದೆಯೋ ಅವರ ಕಡೆಗೇ ಬೆರಳು.

"ನೀವು, ನೀಲಿ ಶರ್ಟು! ಬನ್ನಿ ಇಲ್ಲಿ, ಈ ತುದಿ ಹಿಡೀರಿ."

"ನಾನಾ?"

"ನೀವೇ. ಇಷ್ಟು ಹೊತ್ತು ಕೈ ಎತ್ತಿ ನಿಂತಿದ್ರಲ್ಲ, ಅಭ್ಯಾಸ ಇದೆ. ಎರಡೂ ಕೈಲಿ ಹಿಡೀರಿ. ಜೋತುಬಿತ್ತೋ, ಬೈತೀನಿ."

ನೀಲಿ ಶರ್ಟಿನವನು ಪೆಚ್ಚುಪೆಚ್ಚಾಗಿ ಫೋನು ಜೇಬಿಗಿಳಿಸಿ ಚಾದರ ಹಿಡಿಯುತ್ತಾನೆ. ಇನ್ನೊಂದು ತುದಿ ಇನ್ನೊಬ್ಬ ಫೋನಿನವನಿಗೆ. ರಸ್ತೆ ಮಧ್ಯೆ ಒಂದು ಗೋಡೆ ಎದ್ದ ಹಾಗಾಗುತ್ತದೆ. ಎರಡೂ ಕೈಗೆ ಕೆಲಸ ಬಿದ್ದ ಮೇಲೆ ಫೋನು ಹಿಡಿಯಲು ದೇವರು ಮೂರನೆಯ ಕೈ ಕೊಟ್ಟಿಲ್ಲವಲ್ಲ! ವಿಚಿತ್ರ ಏನೆಂದರೆ, ಅರೆಗಳಿಗೆಯ ಹಿಂದೆ ಇಣುಕುತ್ತಿದ್ದ ಇದೇ ನೀಲಿ ಶರ್ಟು ಈಗ ಉಳಿದವರ ಮೇಲೆ ರೇಗುತ್ತಾನೆ: "ಏಯ್, ಹಿಂದಕ್ಕೆ ಸರೀರಪ್ಪ, ಏನ್ ಸಿನಿಮಾ ನಡೀತಿದ್ಯಾ ಇಲ್ಲಿ?"

ಊರಿನ ಪೊಲೀಸರು, ಆಸ್ಪತ್ರೆಯವರು ಎಲ್ಲ ಇವರನ್ನು ಕರೆಯುವುದು ಚಾದರದಕ್ಕ ಅಂತಲೇ. ಆಂಬುಲೆನ್ಸಿನಲ್ಲಿ ಹಿಂದೆ ಕೂತು ರಕ್ತ ನಿಲ್ಲಿಸುವುದು, ಉಸಿರು ನೋಡಿಕೊಳ್ಳುವುದು ಇವರ ಕೆಲಸ. ಚಾದರ ಮಾತ್ರ ಕೆಲಸದ ಯಾವ ನಿಯಮದಲ್ಲೂ ಇಲ್ಲ, ಅದು ಮನೆಯದ್ದು. ಟೈಲರ್ ಗಂಡ ನಾಲ್ಕು ಮೂಲೆಗೂ ಬೆರಳು ತೂರುವಷ್ಟು ಕುಣಿಕೆ ಹೊಲಿದುಕೊಟ್ಟಿದ್ದಾರೆ. "ಮನೇಲಿದ್ದ ಒಳ್ಳೊಳ್ಳೆ ಚಾದರ ಎಲ್ಲ ರಸ್ತೆಪಾಲು. ನನಗೆ ಹೊದ್ಕೊಳ್ಳೋಕೆ ಉಳಿದಿರೋದು ಕಿಟಕಿ ಪರದೆ," ಎನ್ನುವುದು ಅವರ ದೂರು.

ಇವತ್ತು ಚಾದರ ಬಿಡಿಸುವಷ್ಟರಲ್ಲೇ ಆಗಬಾರದ್ದು ಆಗಿಹೋಗಿದೆ. ಬಿಳಿ ಬೂಟಿನ ಹಿರಿಯರೊಬ್ಬರು, ಬೆಳಗಿನ ನಡಿಗೆಗೆ ಬಂದವರು, ಸಮಾಧಾನದ ದನಿಯಲ್ಲಿ ಹೇಳುತ್ತಾರೆ, "ನಾನು ಆಗಲೇ ನಮ್ಮ ವಾಕಿಂಗ್ ಗ್ರೂಪಿಗೆ ಹಾಕಿದ್ದೀನಮ್ಮ. ಗುರುತಿನವರಿದ್ದರೆ ತಿಳೀಲಿ ಅಂತ." ಫೋನು ಮುಂದೆ ಚಾಚುತ್ತಾರೆ. ರಕ್ತಸಿಕ್ತ ಮುಖ, ಕೆಳಗೆ ಎರಡು ಪದ: ಸ್ಥಳದಲ್ಲೇ ಸಾವು.

"ಸತ್ತಿದ್ದಾರೆ ಅಂತ ಯಾರ್ ಹೇಳಿದ್ರು ನಿಮಗೆ?"

"ಅಲ್ಲಾಡ್ತಾನೇ ಇರ್ಲಿಲ್ವಲ್ಲಮ್ಮ..."

"ನಿದ್ದೆ ಮಾಡುವಾಗ ನೀವು ಅಲ್ಲಾಡ್ತೀರಾ? ಉಸಿರಿದೆ ಸಾರ್ ಇವರಿಗೆ!"

ಅಷ್ಟರಲ್ಲಿ ಬಿದ್ದವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. 'ಮನೆ' ಎಂದು ಹೊಳೆಯುತ್ತಿದೆ. ಚಾದರದಕ್ಕ ಹಲೋ ಎನ್ನುವುದಿಲ್ಲ, ಮೊದಲ ಮಾತೇ "ಜೀವ ಇದೆ ಕಣಮ್ಮ. ನಾನು ಪಕ್ಕದಲ್ಲೇ ಇದ್ದೀನಿ. ತಲೆಗೆ ಜೋರು ಪೆಟ್ಟಾಗಿದೆ, ದೊಡ್ಡಾಸ್ಪತ್ರೆಗೆ ಬಾ." ಆ ಕಡೆಯ ಹೆಂಡತಿ ಅಳುವುದನ್ನೂ ಪಿಸುದನಿಯಲ್ಲೇ ಅಳುತ್ತಾಳೆ. ಎದುರುಮನೆಯವರು ಆ ಫೋಟೋ ತಂದು ತೋರಿಸಿದ್ದಾರೆ. ಒಳಗೆ ಅತ್ತೆ ಇದ್ದಾರೆ, ಹೃದಯದ ಕಾಯಿಲೆಯವರು. ಇರುವವನು ಒಬ್ಬನೇ ಮಗ. "ಅವರಿಗಿನ್ನೂ ಗೊತ್ತಿಲ್ಲ ಅಕ್ಕ. ಹೀಗೆ ಗೊತ್ತಾದ್ರೆ ಅವರೂ ಉಳಿಯಲ್ಲ."

ಈ ಮಾತು ಕೇಳಿ ಚಾದರದಕ್ಕನ ಮುಖದ ಬಣ್ಣವೇ ಹೋಗುತ್ತದೆ. ಬಿಳಿ ಬೂಟಿನವರತ್ತ ತಿರುಗುತ್ತಾರೆ.

"ಅಳಿಸ್ಬಿಟ್ಟೆನಮ್ಮ, ಆಗಲೇ ಅಳಿಸ್ಬಿಟ್ಟೆ," ಎನ್ನುತ್ತಾರೆ ಅವರು.

"ಅಳಿಸಿದ್ರೆ ನಿಮ್ಮ ಫೋನು ಚೊಕ್ಕಟವಾಯ್ತು, ಅಷ್ಟೆ. ಅದು ಯಾವ್ ಯಾವ್ ಮನೆ ಹೊಕ್ಕಿದೆಯೋ ಅಲ್ಲಿಗೆಲ್ಲ ನೀವೇ ಹೋಗ್ಬೇಕು. ಹಸು ಬಿಟ್ಟವರೇ ಹುಡುಕಿ ಕಟ್ಟಬೇಕು ತಾನೇ? ಹತ್ತಿ ಮುಂದೆ."

ಹಿರಿಯರು ಡ್ರೈವರಣ್ಣನ ಪಕ್ಕ ಮುದುಡಿ ಕೂರುತ್ತಾರೆ. ಆಂಬುಲೆನ್ಸು ಕೂಗುತ್ತ ಓಡುತ್ತದೆ. ಒಬ್ಬೊಬ್ಬರಿಗೇ ಕರೆ: "ಅದು ಸುಳ್ಳು ಕಣಯ್ಯಾ, ನಾನೇ ಹಾಕಿದ್ದು... ಹ್ಞೂಂ, ನಾನೇ. ನೀನು ಯಾರಿಗೆ ಕಳಿಸಿದೆ? ನಿನ್ನ ಷಡ್ಡಕನಿಗಾ? ಅವನ ನಂಬರು ಕೊಡು." ಜೋರಾಗಿ ಹೇಳಬೇಕು, ಇಲ್ಲದಿದ್ದರೆ ಸೈರನ್ನಿನ ಸದ್ದಿಗೆ ಕೇಳುವುದಿಲ್ಲ. ನಾನೇ, ನಾನೇ ಎಂದು ಕಿರುಚಿ ಕಿರುಚಿ ಅವರ ಗಂಟಲು ಕಟ್ಟುತ್ತದೆ.

ಚಾದರದಕ್ಕ ಇಷ್ಟು ಕಟುವಾಗುವುದಕ್ಕೆ ಕಾರಣವಿದೆ. ಮೊದಲೆಲ್ಲ ಅವರು ಚಾದರವನ್ನು ಎತ್ತಿ ಹಿಡಿಸುತ್ತಿರಲಿಲ್ಲ, ಹೊದಿಸುತ್ತಿದ್ದರು. ಒಮ್ಮೆ ಕಟ್ಟಡದ ಮೇಲಿನಿಂದ ಗಾರೆ ಕೆಲಸದ ಯುವಕನೊಬ್ಬ ಬಿದ್ದ. ಬಟ್ಟೆ ಹರಿದಿತ್ತು, ಮೈಮೇಲೆ ಎಚ್ಚರವಿರಲಿಲ್ಲ, ನಾಲ್ಕೂ ಕಡೆ ಫೋನುಗಳು. ಪಾಪ, ಮಾನ ಹೋಗುತ್ತದಲ್ಲ ಎಂದು ಮೂಗಿಗೆ ಗಾಳಿಯಾಡುವಷ್ಟು ಸಂದಿ ಬಿಟ್ಟು ಮುಖ ಸಮೇತ ಹೊದಿಸಿದರು. ಸಂದಿ ಯಾರ ಕಣ್ಣಿಗೆ ಬೀಳಬೇಕು? ಮುಖ ಮುಚ್ಚಿದೆ ಎಂದರೆ ಜನಕ್ಕೆ ಒಂದೇ ಅರ್ಥ. ಯಾರೋ ಆ ಚಿತ್ರ ತೆಗೆದು, ಯುವಕನ ಹೆಸರು ಸೇರಿಸಿ, ಆತ್ಮಕ್ಕೆ ಶಾಂತಿಯನ್ನೂ ಕೋರಿ ಊರಿಗೆ ಹಂಚಿದರು. ಗೋದಾಮಿನ ಕಾವಲಿನಲ್ಲಿದ್ದ ಅಪ್ಪ ಅದನ್ನು ನೋಡಿದವರು ಕುರ್ಚಿಯಿಂದ ಏಳಲೇ ಇಲ್ಲ. ಅವರನ್ನು ತರಲು ಹೋದದ್ದೂ ಇದೇ ಆಂಬುಲೆನ್ಸು.

ಮಗ ಬದುಕಿದ. ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಇವರನ್ನು ಹುಡುಕಿಕೊಂಡು ಬಂದ. ಜಗಳಕ್ಕಲ್ಲ. "ನೀವು ನನ್ನ ಮಾನ ಉಳಿಸೋಕೆ ಹೋದ್ರಿ ಅಕ್ಕ. ಅಪ್ಪ ಹೋಗ್ಬಿಟ್ರು," ಎಂದನಂತೆ, ಅಷ್ಟೇ. "ಎರಡೇಟು ಹೊಡೆದಿದ್ರೆ ವಾಸಿಯಾಗಿತ್ತು," ಎನ್ನುತ್ತಾರೆ ಚಾದರದಕ್ಕ. ಅಂದಿನಿಂದ ಜೀವವಿರುವ ಮೈಮೇಲೆ ಅವರು ಚಾದರ ಹಾಕಿಲ್ಲ. ಎತ್ತಿ ಹಿಡಿಸುತ್ತಾರೆ.

ಹಿಡಿಸಿದ್ದಕ್ಕೂ ಬೈಗುಳ ತಪ್ಪಿಲ್ಲ. ಹೋದ ವರ್ಷ ಒಬ್ಬ ತುದಿ ಹಿಡಿಯುವ ಬದಲು ಇವರನ್ನೇ ಚಿತ್ರಿಸಿದ. ಬೈದ ಭಾಗವನ್ನಷ್ಟೇ ಕತ್ತರಿಸಿ ಊರಿಗೆ ಹರಿಯಬಿಟ್ಟ, ಮೇಲೊಂದು ತಲೆಬರಹ: ಹೆಣದ ಮುಂದೆ ಆಂಬುಲೆನ್ಸ್ ಹೆಂಗಸಿನ ರಂಪಾಟ. ಕಂಡಕಂಡವರೆಲ್ಲ ಉಗಿದರು. ಕಚೇರಿಯಿಂದ ಕಾರಣ ಕೇಳಿ ನೋಟಿಸು ಬಂತು. ಶಾಲೆಯಲ್ಲಿ ಮಗಳಿಗೆ ಗೆಳತಿಯರು ಅದನ್ನೇ ಹಾಕಿ ಹಾಕಿ ತೋರಿಸಿದರು. ಹುಡುಗಿ ಮನೆಗೆ ಬಂದು ಕೇಳಿದಳಂತೆ, "ಅಮ್ಮಾ, ನೀನು ಸುಮ್ಮನೆ ಬ್ಯಾಂಡೇಜ್ ಕಟ್ಟಿ ಬರೋಕಾಗಲ್ವಾ?" ಹನ್ನೆರಡು ತಾಸಿನ ಪಾಳಿ, ದಿನಕ್ಕೆ ಆರೇಳು ಕರೆ, ನೆಟ್ಟಗೆ ಕೂತು ಉಂಡದ್ದೇ ಇಲ್ಲ. ಅದು ಯಾವುದೂ ಚುಚ್ಚಲಿಲ್ಲ, ಈ ಮಾತು ಚುಚ್ಚಿತು.

"ಆಗತ್ತೆ ಮಗಳೇ ಅಂದೆ. ಮಾರನೇ ದಿನ ಚಾದರ ಮನೇಲೇ ಬಿಟ್ಟು ಹೋದೆ. ಮೊದಲನೇ ಕರೆಗೇ ಕೈ ಖಾಲಿ ಖಾಲಿ ಅನ್ನಿಸ್ತು. ಕೊನೆಗೆ ನನ್ನ ದುಪಟ್ಟಾನೇ ಹಿಡಿಸಿದೆ."

ದೊಡ್ಡಾಸ್ಪತ್ರೆಯ ಓಣಿಯಲ್ಲಿ ಫಿನೈಲಿನ ವಾಸನೆ, ಚಕ್ರ ಕಿರುಗುಟ್ಟುವ ಸದ್ದು. ಬ್ರೆಡ್ಡಿನವನ ಹೆಂಡತಿ ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಿದ್ದಾಳೆ. ಗಂಡನ ಕೈ ಬಿಸಿಯಿರುವಾಗಲೇ ಹಿಡಿಯುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಉಳಿಯಲಿಲ್ಲ ಎಂದು ತಲೆಯಾಡಿಸುತ್ತಾರೆ.

ಬಿಳಿ ಬೂಟಿನ ಹಿರಿಯರು ಮನೆಗೆ ಹೋಗಿಲ್ಲ. ಗೋಡೆಯ ಪಕ್ಕದ ಬೆಂಚಿನಲ್ಲಿ ಬೆಳಗಿನಿಂದ ಕೂತೇ ಇದ್ದಾರೆ. ಚಾದರದಕ್ಕನ ಬಳಿ ಬಂದು, ಒಡೆದ ಗಂಟಲಲ್ಲಿ ಕೇಳುತ್ತಾರೆ, "ಎಲ್ಲರಿಗೂ ಬದುಕಿದ್ದಾನೆ ಅಂತ ಹೇಳಿದ್ದೀನಲ್ಲಮ್ಮ. ಈಗ... ಈಗ ತಿಳಿಸ್ಲಾ?"

"ಬೇಡ ಸಾರ್. ಇದು ಅವರ ಮನೆ ಸುದ್ದಿ. ಹೇಳ್ಬೇಕು ಅನ್ನಿಸಿದಾಗ ಅವರು ಹೇಳ್ತಾರೆ. ನೀವು ಮನೆಗೆ ಹೋಗಿ, ಏನಾದ್ರೂ ತಿನ್ನಿ."

ಹಿರಿಯರು ಅಲ್ಲೇ ನಿಂತು ಅಳುತ್ತಾರೆ.

ಹೆಂಡತಿ ಮಾತ್ರ ಅಳುತ್ತಿಲ್ಲ. ಚಾದರದಕ್ಕನ ಮುಂಗೈ ಹಿಡಿದುಕೊಂಡಿದ್ದಾಳೆ. "ಅತ್ತೆಗೆ ಹೇಗೆ ಹೇಳಲಿ ಅಕ್ಕ? ನನ್ನ ಬಾಯಲ್ಲಿ ಬರಲ್ಲ." ಜೊತೆ ಕೆಲಸದವಳೊಬ್ಬಳನ್ನು ಬೇಡಿ ತಮ್ಮ ಪಾಳಿಗೆ ಕೂರಿಸಿ ಚಾದರದಕ್ಕ ಅವಳ ಜೊತೆ ಆಟೋ ಹತ್ತುತ್ತಾರೆ. ದಾರಿಯುದ್ದಕ್ಕೂ ಇಬ್ಬರಿಗೂ ಒಂದೇ ದಿಗಿಲು: ಅಷ್ಟರಲ್ಲಿ ಯಾರಾದರೂ ತೋರಿಸಿಬಿಟ್ಟಿದ್ದರೆ?

ಬಾಗಿಲು ತೆರೆದೇ ಇದೆ. ಮುದುಕಿ ನೆಲದ ಮೇಲೆ ಕೂತು ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದಾರೆ. "ಎಲ್ಲಿ ಹೋಗಿದ್ಯೇ ಹೇಳದೆ ಕೇಳದೆ?" ಎಂದು ಸೊಸೆಯನ್ನು ಗದರುತ್ತಾರೆ. ಸುದ್ದಿ ಇನ್ನೂ ಈ ಹೊಸಿಲು ದಾಟಿಲ್ಲ. ಚಾದರದಕ್ಕ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಸೂಜಿ ತೆಗೆದು ಪಕ್ಕಕ್ಕಿಡುತ್ತಾರೆ. ಮುದುಕಿಯ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಂಡೇ, ನಿಧಾನವಾಗಿ, ಒಂದನ್ನೂ ಮುಚ್ಚಿಡದೆ ಹೇಳುತ್ತಾರೆ.

"ನಿನ್ನ ನಾಲಿಗೆ ಸೇದಿಹೋಗ! ಯಾವಳೇ ನೀನು?" ಮುದುಕಿ ಅವರ ಎದೆಗೆ ಗುದ್ದುತ್ತಾರೆ, ಕೂದಲು ಹಿಡಿದು ಜಗ್ಗುತ್ತಾರೆ, ಬೈಗುಳದ ಮೇಲೆ ಬೈಗುಳ. ಬೈದು ಬೈದು ಸುಸ್ತಾಗಿ ಕಡೆಗೆ ಅವರ ತೊಡೆಯ ಮೇಲೇ ತಲೆಯಿಟ್ಟು ಗೋಳಿಡುತ್ತಾರೆ. ಬೆರಳು ಮಣಿಕಟ್ಟು ಬಿಡುವುದಿಲ್ಲ. ನಾಡಿ ಓಡುತ್ತಿದೆ, ಎಡವುತ್ತಿದೆ, ನಿಂತಿಲ್ಲ.

ಹೊರಗೆ ಬಂದ ಚಾದರದಕ್ಕ ನಲ್ಲಿಯಲ್ಲಿ ಮುಖ ತೊಳೆಯುತ್ತಾರೆ. ಕೆನ್ನೆಯ ಮೇಲೆ ಉಗುರಿನ ಗೀರು ಕೆಂಪಗೆ ಎದ್ದಿದೆ. ಸೆರಗಿನಿಂದ ಕಣ್ಣೊರೆಸಿಕೊಂಡ ಸೊಸೆ ಕೈಮುಗಿದು ಕ್ಷಮೆ ಕೇಳಲು ಬಂದರೆ ತಡೆಯುತ್ತಾರೆ.

"ಏನೂ ಆಗಿಲ್ಲ, ಒಳಗೆ ಹೋಗು, ಅವರ ಹತ್ರ ಕೂತ್ಕೋ. ಫೋನನ್ನ ಬೈಯೋಕಾಗಲ್ಲ ಕಣಮ್ಮ. ಇಂಥ ಸುದ್ದಿ ಬಂದಾಗ ಕೂದಲು ಹಿಡಿದು ಜಗ್ಗೋಕಾದ್ರೂ ಎದುರಿಗೆ ಒಬ್ಬಳು ಇರ್ಬೇಕು."