ಪ್ರಯೂನನ ಗಂಡು ಮೀನು ನೊರೆ ಕಟ್ಟಿದ್ದು

ಕಾಳಗದ ಮೀನಿಗೆ ಹೆಣ್ಣು ಗೊತ್ತುಮಾಡುವುದರಲ್ಲಿ ನಖೊನ್ ಪಥೋಮ್ ಸೀಮೆಯಲ್ಲೇ ಪ್ರಯೂನನನ್ನು ಮೀರಿಸಿದವರಿಲ್ಲ. ಹಾಗೆಂದು ಹೇಳಿಕೊಂಡು ತಿರುಗುತ್ತಿದ್ದವನೂ ಪ್ರಯೂನನೇ. "ಹೆಣ್ಣು ನೋಡೋದು ಸಾಕಿದೋನ ಕೆಲಸ. ಗಂಡಿಗೇನು, ನೊರೆ ಊದಿದ್ರೆ ಆಯ್ತು" ಎನ್ನುತ್ತಿದ್ದ.

ಕಬ್ಬಿಣದ ಬಣ್ಣದ ಆ ಮೀನಿನ ತಳಿ ಅವನ ಅಪ್ಪ ಬೆಳೆಸಿದ್ದು. ಅಪ್ಪ ಸತ್ತಮೇಲೆ ಅಣ್ಣತಮ್ಮಂದಿರು ಜಾಡಿಗಳನ್ನು ಹಂಚಿಕೊಂಡರು. ಗಟ್ಟಿಮುಟ್ಟಾದ ಗಂಡುಗಳನ್ನೆಲ್ಲ ಅಣ್ಣ ಪ್ರಯೂನನೇ ಬಾಚಿಕೊಂಡ ಎಂದು ತಮ್ಮ ಥವಿ ಕೂಗಾಡಿದ. ಅವನು ಹೇಳಿದ್ದು ಸುಳ್ಳಲ್ಲ. ಅಂದಿನಿಂದ ಕಾಲುವೆಯ ಆ ದಡದ ತಮ್ಮನಿಗೂ ಈ ದಡದ ಅಣ್ಣನಿಗೂ ಮಾತಿಲ್ಲ. ಈಗ ಬೇಸಿಗೆಯ ರೋಗಕ್ಕೆ ಪ್ರಯೂನನ ಮೀನುಗಳೆಲ್ಲ ಸತ್ತು, ಆ ತಳಿಯದು ಒಂದೇ ಒಂದು ಗಂಡು ಉಳಿದಿತ್ತು. ಅದಕ್ಕೂ ವಯಸ್ಸಾಗುತ್ತಿತ್ತು. ಚಳಿಗೆ ಮೊದಲು ಅದು ಮರಿಮಾಡದಿದ್ದರೆ ಅಪ್ಪನ ಮೀನು ಅಲ್ಲಿಗೆ ಮುಗಿಯಿತು.

ಪ್ರಯೂನ್ ಬ್ಯಾಂಕಾಕಿನಿಂದ, ಪಂದ್ಯ ಗೆದ್ದ ಮನೆತನದ ಹೆಣ್ಣೊಂದನ್ನು ತಂದ. ಪದ್ಧತಿಯಂತೆ ಎರಡು ಗಾಜಿನ ಜಾಡಿಗಳನ್ನು ಒಂದಕ್ಕೊಂದು ತಾಗಿಸಿಟ್ಟು ನಡುವಿನ ರಟ್ಟು ತೆಗೆದ. ಹೆಣ್ಣು ಹಿಡಿಸಿದರೆ ಗಂಡು ನೀರಿನ ಮೇಲೆ ನೊರೆಯ ಗೂಡು ಕಟ್ಟಬೇಕು. ಇದು ಬೆನ್ನು ತಿರುಗಿಸಿ ಎಲೆಯ ಕೆಳಗೆ ಹೋಗಿ ನಿಂತಿತು. ಆದರೂ ಪ್ರಯೂನ್ ಹಟಕ್ಕೆ ಬಿದ್ದು ಎರಡನ್ನೂ ಒಂದೇ ಮಡಕೆಗೆ ಬಿಟ್ಟ. ಗಂಡು ಕಚ್ಚಿ ಹೆಣ್ಣಿನ ರೆಕ್ಕೆ ಚಿಂದಿಯಾಯಿತು. ಗಂಡನ್ನು ಮತ್ತೆ ಜಾಡಿಗೆ ಹಾಕಬೇಕಾಯಿತು.

ನೀರು ಬದಲಿಸುವ ಹೊತ್ತಿಗೆ ಅವನ ಹೆಂಡತಿ ಲಮೈ ಇನ್ನೊಂದು ಜಾಡಿ ತಂದು ಗಂಡಿನ ಪಕ್ಕ ಇಟ್ಟಳು. ಅದರಲ್ಲೊಂದು ಮಾಸಲು ಬಣ್ಣದ, ಹೊಟ್ಟೆ ಉಬ್ಬಿದ ಹೆಣ್ಣು. ಗಂಡು ಒಮ್ಮೆ ಮೈ ಅರಳಿಸಿತು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಆ ಬದಿಗೆಲ್ಲ ನೊರೆಯೋ ನೊರೆ.

"ಈ ಡೊಳ್ಳುಹೊಟ್ಟೆಯೋಳು ಯಾರ ಮನೆಯೋಳು?"

"ಥವಿ ಮನೆಯೋಳು. ನಾನೇ ಹೋಗಿ ಕೇಳ್ದೆ, ಕೊಟ್ಟ."

"ನನ್ನ ಕೇಳ್ದೆ ಅವನ ಹೊಸಿಲು ತುಳಿದ್ಯಾ?"

"ನಿನ್ನ ಕೇಳಿದ್ರೆ ಬೇಡ ಅಂತಿದ್ದೆ. ಮೀನನ್ನ ಕೇಳು ಮಾರಾಯ, ಅದು ಹೂಂ ಅಂತಿದೆ."

ಪ್ರಯೂನ್ ಸಿಟ್ಟಿನಿಂದ ನಡುವೆ ರಟ್ಟು ಇಳಿಸಿದ. ಗಂಡು ರಟ್ಟಿನ ಕಡೆಗೇ ಮುಖಮಾಡಿ ನೊರೆ ಊದುತ್ತಲೇ ಇತ್ತು. ಅವನಿಗೆ ಅವಮಾನವಾಯಿತು, ಹೊಟ್ಟೆಕಿಚ್ಚೂ ಆಯಿತು. ಒಂದು ಮೀನಿನ ಮೇಲೆ ಹೊಟ್ಟೆಕಿಚ್ಚುಪಡುವುದಕ್ಕೆ ಜೀವಮಾನವೆಲ್ಲ ತಾನೇ ಮೀನುಗಳ ಯಜಮಾನ ಎಂದುಕೊಂಡು ಬಂದಿರಬೇಕು.

ಮಾರನೆಯ ಬೆಳಿಗ್ಗೆ ಅವನೇ ಹೆಣ್ಣನ್ನು ಗಂಡಿನ ಜಾಡಿಗೆ ಬಿಟ್ಟ. ಗಂಡು ಅವಳನ್ನು ಸುತ್ತಿ ತಬ್ಬಿತು. ಉದುರಿದ ಮೊಟ್ಟೆಗಳನ್ನು ಒಂದೊಂದಾಗಿ ಬಾಯಲ್ಲಿ ಆಯ್ದು ನೊರೆಗೆ ಸಿಕ್ಕಿಸಿತು. ಇನ್ನು ಹೆಣ್ಣು ಅಲ್ಲಿರಬಾರದು, ಗಂಡು ಅಟ್ಟಿಸಿಕೊಂಡು ಕಚ್ಚುತ್ತದೆ. ಪ್ರಯೂನ್ ಅವಳನ್ನು ಎತ್ತಿ ಅವಳ ಜಾಡಿಗೆ ಹಾಕಿದ. ಲಮೈ ಕೈಚಾಚಿದರೂ ಕೊಡದೆ, ತಾನೇ ಹಿಡಿದುಕೊಂಡು ಕಾಲುವೆಯ ಸೇತುವೆ ದಾಟಿದ.

ಥವಿ ಜಗಲಿಯಲ್ಲಿ ಅನ್ನ, ಮೆಣಸಿನ ಚಟ್ನಿ ಹಾಕಿಕೊಂಡು ಕೂತಿದ್ದ. ಏಳಲಿಲ್ಲ.

"ಏನಣ್ಣ, ವಾಪಸ್ ತಂದ್ಯಾ? ನಿನ್ನ ಮಹಾರಾಜಂಗೆ ನಮ್ಮ ಹುಡುಗಿ ಸರಿಬರ್ಲಿಲ್ವಾ?"

ಪ್ರಯೂನ್ ಜಾಡಿ ಹಿಡಿದೇ ಒಳಗೆ ಕಣ್ಣಾಡಿಸಿದ. ಗೋಡೆಯುದ್ದಕ್ಕೂ ಜಾಡಿಗಳನ್ನು ತೊಳೆದು ಬೋರಲು ಹಾಕಿತ್ತು. ನೀರು ತುಂಬಿದ್ದು ಒಂದೂ ಇರಲಿಲ್ಲ.

"ನಿನ್ನ ಮೀನೆಲ್ಲ ಎಲ್ಲೋ?"

"ನಿಮ್ಮನೆಗೆ ಬಂದ ರೋಗ ನಮ್ಮನೆ ಬಿಡುತ್ತಾ? ಉಳಿದಿದ್ದು ಇದೊಂದೇ."

ಪ್ರಯೂನ್ ಜಾಡಿಯನ್ನು ಜೋಪಾನವಾಗಿ ಕೆಳಗಿಟ್ಟು ಜಗಲಿಯ ತುದಿಯಲ್ಲಿ ಕುಳಿತ. "ಇದ್ದದ್ದೊಂದನ್ನೂ ಕೊಟ್ಟುಬಿಟ್ಯಲ್ಲೋ! ನನ್ನ ಗಂಡು ಕಚ್ಚಿ ಕೊಂದಿದ್ರೆ?"

"ಇಟ್ಕೊಂಡು ಏನ್ಮಾಡ್ಲಿ, ಪೂಜೆನಾ? ಗಂಡು ಇದ್ದದ್ದು ನಿನ್ನ ಹತ್ರ. ಅದು ಬಿಡು, ಒಪ್ಪಿತೋ ಇಲ್ವೋ ಹೇಳು."

"ಅದು ನೋಡಿದ ಕೂಡ್ಲೇ ಒಪ್ತು ಕಣೋ" ಎಂದ ಪ್ರಯೂನ್. "ತಡ ಮಾಡಿದೋನು ನಾನು."