ಸುಜಾತಾ ಅವತ್ತು ‘ಬರ್ಲಿ’ ಅಂದಿದ್ದಳು

ದುರುಗೀ, ಸುಜಾತಾ ಅವತ್ತು ‘ಬ್ಯಾಡ’ ಅನ್ನಲಿಲ್ಲ. ಅಂದವಳು ನಾನು. ಅವ್ವ ಊರಿಗೆ ಬರಲಿ ಎಂದೇ ನಿನ್ನ ಮಗಳು ಹೇಳಿದ್ದಳು — ನಾನು ಅದನ್ನು ನಿನಗೆ ಮುಟ್ಟಿಸಲಿಲ್ಲ. ಏಳು ವರ್ಷವಾಯಿತು. ಅಂಗನವಾಡಿಯಲ್ಲಿ ದಿನಾಲೂ ಸುಳ್ಳು ಹೇಳಬಾರದು ಎಂದು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಹೇಳಿಸುತ್ತೇನೆ. ನನ್ನನ್ನು ಎಬ್ಬಿಸಿ ಕೇಳುವವರು ಯಾರೂ ಇರಲಿಲ್ಲ, ಅಷ್ಟೇ.

ಚೀಕಲಪರ್ವಿಯಲ್ಲಿ ನಿನ್ನ ಗಂಡ ತೀರಿಕೊಂಡ ಮೇಲೆ ಐದು ವರ್ಷದ ಮಗಳನ್ನು ಕರೆದುಕೊಂಡು ನೀನು ಅರಕೇರಾಕ್ಕೆ, ನನ್ನ ಮನೆಗೆ ಬಂದೆ. ‘ಕುವೈತಿನಾಗ ಎರಡು ವರ್ಷ ದುಡದು ಬಂದುಬಿಡ್ತೀನಿ, ಅಕ್ಕಾ’ ಎಂದು ಅವಳನ್ನು ನನ್ನ ಮಡಿಲಿಗೆ ಹಾಕಿದೆ. ಆಗ ನನಗೆ ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಹಾಕಿದರೂ ನನ್ನನ್ನು ಕರೆಯುತ್ತಿದ್ದರು. ಕೂಸನ್ನು ಮಾತ್ರ ಕೈಗೆ ಕೊಡುತ್ತಿರಲಿಲ್ಲ. ‘ನೀ ಅಲ್ಲೇ ಕುಂದ್ರಬೇ, ಈರವ್ವಾ’ ಎಂದು ಗೋಡೆಯ ಕಡೆ ತೋರಿಸುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದವಳಿಗೆ ಏನು ಎಂದು ಗಾದೆ ಕಟ್ಟಿದವರು ಹೇಳಲಿಲ್ಲ. ಸುಜಾತಾ ಬಂದ ಮೇಲೆ ನಾನು ‘ಸುಜಾತನ ದೊಡ್ಡವ್ವ’ ಆದೆ. ದೊಡ್ಡವ್ವ ಎಂಬುದನ್ನು ಅವಳು ಒಂದು ದಿನವೂ ಮರೆಯಲಿಲ್ಲ. ಮರೆಯುತ್ತಿದ್ದವಳು ನಾನು.

ಅವಳು ಹದಿಮೂರಕ್ಕೆ ದೊಡ್ಡವಳಾದಳು. ನಿನ್ನ ಎರಡು ವರ್ಷ ಆಗಲೇ ಎಂಟಾಗಿತ್ತು. ನಮ್ಮಲ್ಲಿ ಮೈನೆರೆದ ಹುಡುಗಿಗೆ ಮೊದಲ ಉಡಿ ತುಂಬುವವಳು ತಾಯಿ. ಆ ಶುಕ್ರವಾರ ನಿನ್ನ ಫೋನ್ ಬಂತು — ನೀನು ಕೆಲಸಕ್ಕಿದ್ದ ಮನೆಯ ಮೇಡಂ ನಿನಗೆ ಫೋನ್ ಮಾಡಗೊಡುತ್ತಿದ್ದುದು ಶುಕ್ರವಾರ ಮಾತ್ರ. ‘ಅಕ್ಕಾ, ಎಲ್ಲಾ ಬಿಟ್ಟು ಬಂದುಬಿಡ್ಲೇನು? ಮೇಡಂ ಕಳಸ್ತೀನಿ ಅನ್ನಾಕತ್ತಾಳ. ನಾ ಕೇಳಿದ್ರ ಹುಡುಗಿ ನನ್ನ ಮನಸ್ಸು ನೋಡಿ ಹೇಳ್ತಾಳ. ನೀ ಕೇಳು. ಆಕಿ ಹೂಂ ಅಂದ್ರ ಸಾಕು.’

ಕೇಳಿದೆ. ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದೆ. ಹುಡುಗಿ ಹಿಂದಕ್ಕೆ ತಿರುಗಿ, ಮುಖವೆಲ್ಲ ನಗುವಾಗಿ, ‘ಬರ್ಲಿ, ದೊಡ್ಡವ್ವಾ! ಅವ್ವ ಬರೂತನ ಉಡಿ ತುಂಬಬ್ಯಾಡ್ರಿ, ತಡೀರಿ’ ಎಂದಳು. ಎಂಟು ವರ್ಷ ಆ ತಲೆಗೆ ಎಣ್ಣೆ ಹಚ್ಚಿ ಹೇನು ಹೆಕ್ಕಿದವಳು ನಾನು. ಅವಳಿಗೆ ಹಾಗೆ ನಗು ಬಂದದ್ದು ನಿನ್ನ ಹೆಸರಿಗೆ. ನನಗೆ ಹೊಟ್ಟೆ ಉರಿಯಿತು, ದುರುಗೀ. ನೀನು ಬರುತ್ತೀ, ಅವಳು ನಿನ್ನ ಸೆರಗು ಹಿಡಿಯುತ್ತಾಳೆ, ನಾನು ಮತ್ತೆ ಗೋಡೆಯ ಪಕ್ಕ...

ಮುಂದಿನ ಶುಕ್ರವಾರ ನಿನಗೆ ಹೇಳಿದ ಮಾತು ನಿನಗಿಂತ ಚೆನ್ನಾಗಿ ನನಗೆ ನೆನಪಿದೆ. ‘ಆಕಿ ಬ್ಯಾಡ ಅಂತಾಳ. ಮಂದಿ ಮನಿ ಭಾಂಡಿ ತಿಕ್ಕಾಕಿನ್ನ ಗೆಳತ್ಯಾರ ಮುಂದ ಅವ್ವ ಅನ್ನಾಕ ನಾಚ್ಕಿ ಬರ್ತದಂತ.’

ನೀನು ‘ಆಗ್ಲೇಳು, ಅಕ್ಕಾ’ ಎಂದೆ. ಸಿಟ್ಟಿನಲ್ಲಿ ಬಾಯಿ ಜಾರಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ವಾರವೆಲ್ಲ ಆ ಮಾತನ್ನು ಕಟ್ಟಿದ್ದೆ. ಬರೀ ‘ಬ್ಯಾಡ’ ಅಂದರೆ ನೀನು ಇನ್ನೊಮ್ಮೆ ಕೇಳುತ್ತಿದ್ದೆ. ಎಂದೂ ಕೇಳಬಾರದು ಎಂದೇ ಆ ನಾಚಿಕೆಯನ್ನು ಸೇರಿಸಿದೆ.

ಸುಜಾತಾಗೆ ಹೇಳಿದ್ದು ಬೇರೆ. ‘ನಿಮ್ಮವ್ವಗ ಅಲ್ಲೇ ಹಿಡಿಸ್ಯಾದ. ಬರೂದಿಲ್ಲಂತ.’ ಅವಳು ಅಳಲಿಲ್ಲ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಳು. ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು, ಕುಬಸದ ಕಣ — ಎಲ್ಲವನ್ನೂ ಮೊದಲು ಹಾಕಿದ ಕೈ ನನ್ನದು. ಗೋಡೆ ತೋರಿಸುತ್ತಿದ್ದ ಹೆಂಗಸರೇ ಸರಿದು ದಾರಿ ಬಿಟ್ಟರು. ನನಗೆ ಸಂತೋಷವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಹುಡುಗಿ ಮಾತ್ರ ತಲೆ ಎತ್ತಲಿಲ್ಲ.

ಆಮೇಲಿನ ಶುಕ್ರವಾರಗಳು ನಿನಗೂ ಗೊತ್ತು. ‘ಉಂಡೇನು?’ ‘ಹೂಂ.’ ‘ಸಾಲಿಗೆ ಹೋಗಿದ್ದೇನು?’ ‘ಹೂಂ.’ ಮಗಳಿಗೆ ನಾಚಿಕೆ ಎಂದು ನೀನು ಹೆಚ್ಚು ಕೇಳಲಿಲ್ಲ. ಅವ್ವನಿಗೆ ಬೇಕಾಗಿಲ್ಲ ಎಂದು ಅವಳು ಹೆಚ್ಚು ಹೇಳಲಿಲ್ಲ. ನಾನು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದೆ. ಯಾವ ಶುಕ್ರವಾರವಾದರೂ ಒಂದು ಮಾತಿನಲ್ಲಿ ಸರಿಮಾಡಬಹುದಿತ್ತು.

ಹೋದ ವಾರ ನಿನ್ನ ಫೋನ್ ಬಂತು. ‘ಅಕ್ಕಾ, ಮೇಡಂ ತೀರ್ಕೊಂಡ್ರು. ಅವರ ಮಗಳು ತನ್ನ ಮನಿಗೆ ಬಾ ಅನ್ನಾಕತ್ತಾಳ. ಅಲ್ಲಿಗೆ ಹೋದ್ರ ನಾ ಮತ್ತ ಊರಿಗೆ ಬರೂದಿಲ್ಲ, ನನಗೂ ಕಾಯೂದು ಸಾಕಾಗೇದ. ಬರ್ಲೋ, ಬ್ಯಾಡೋ? ಹುಡುಗಿನ್ನ ಇನ್ನೊಮ್ಮೆ ಕೇಳು.’ ಕೇಳಬಾರದು ಎಂದು ಅಷ್ಟೆಲ್ಲ ಮಾಡಿದರೂ ಕೇಳಿದೆಯಲ್ಲ — ಅದೂ ನನ್ನನ್ನೇ.

ಈ ಸಲ ನಿಜ ತಂದುಕೊಡುತ್ತೇನೆ ಎಂದು ಭಾನುವಾರ ರಾಯಚೂರಿಗೆ ಹೋದೆ. ನರ್ಸಿಂಗ್ ಹಾಸ್ಟೆಲ್ಲಿನ ಅಂಗಳದ ಕಲ್ಲಿನ ಮೇಲೆ ಇಬ್ಬರೂ ಕುಳಿತೆವು. ನಾನು ತಂದ ಶೇಂಗಾ ಹೋಳಿಗೆ ಮುರಿಯುತ್ತಾ ಸಲೀಸಾಗಿ ಹೇಳಿಬಿಟ್ಟಳು — ‘ಬ್ಯಾಡ, ದೊಡ್ಡವ್ವಾ. ಬರೂದಿದ್ರ ನಾ ಕರದಾಗ ಬರ್ತಿದ್ದಳು. ಈಗ ಬಂದು ಏನ್ ಮಾಡ್ತಾಳ?’

ನಾನು ಅಂದು ಹುಟ್ಟಿಸಿ ಹೇಳಿದ ‘ಬ್ಯಾಡ’ ಈಗ ಅವಳ ಬಾಯಲ್ಲಿ ನಿಜವಾಗಿಯೇ ಬಂತು. ನೀನು ಬಾರದೆ ಉಳಿದದ್ದು ನನ್ನಿಂದ ಎಂದು ಅಲ್ಲೇ ಹೇಳಬೇಕಿತ್ತು. ‘ಇನ್ನೊಂದು ಹೋಳಗಿ ತಿನ್ನು’ ಎಂದು ಎದ್ದು, ಊರ ಕಡೆಯ ದೇವದುರ್ಗದ ಬಸ್ಸು ಹತ್ತಿದೆ. ಅದು ಹಳೆಯ ತಪ್ಪಲ್ಲ, ನಾಲ್ಕು ದಿನದ ಹಿಂದೆ ಮಾಡಿದ್ದು.

ಅದಕ್ಕೇ ಮೊದಲು ನಿನಗೆ ಬರೆಯುತ್ತಿದ್ದೇನೆ. ಇದರ ಫೋಟೊ ತೆಗೆದು ಈಗಲೇ ಕಳಿಸುತ್ತೇನೆ. ತಡಮಾಡಿದರೆ ಹರಿದುಹಾಕುತ್ತೇನೆ, ನನ್ನನ್ನು ನಾನು ಬಲ್ಲೆ. ಮೇಡಂ ಮಗಳಿಗೆ ಇನ್ನೂ ಹೂಂ ಅನ್ನಬೇಡ. ಬರುವ ಭಾನುವಾರ ಸುಜಾತಾಳ ಮುಂದೆ ಕುಳಿತು ಇದನ್ನೇ ಓದುತ್ತೇನೆ, ನನ್ನ ಸಂತೋಷದ ಮಾತನ್ನೂ ಬಿಡದೆ. ಅವಳು ಮತ್ತೆ ನನ್ನ ಹೊಸ್ತಿಲು ತುಳಿಯದಿರಬಹುದು. ನೀನೂ ತುಳಿಯದಿರಬಹುದು. ಆಮೇಲೆ ಅವಳು ನಿನಗೆ ತಾನೇ ಫೋನ್ ಮಾಡಿ ಬಾ ಅನ್ನಬಹುದು, ಬೇಡ ಅನ್ನಬಹುದು, ಮಾಡದೆಯೂ ಇರಬಹುದು. ಬರಬೇಕೋ ಬೇಡವೋ ಎಂದು ನನ್ನನ್ನು ಮಾತ್ರ ಇನ್ನು ಕೇಳಬೇಡ, ದುರುಗೀ.